ಚಿಪ್ ಎಣಿಸದೆ ತಂದ ರ್‍ಯಾಮ್

ಎಣಿಸಿ ತರಬೇಕಿತ್ತು, ಎಂಟಾ ಹದಿನಾರಾ ಅಂತ. ಎಣಿಸಲಿಲ್ಲ. ಬೆಂಡೆಕಾಯಿಯನ್ನು ಒಂದೊಂದಾಗಿ ತುದಿ ಮುರಿದು ನೋಡಿ ತರುವ ಮನುಷ್ಯ ನಾನು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಮಾತ್ರ ರ್‍ಯಾಮ್, ಅಂದರೆ ಮೆಮೊರಿ ಪಟ್ಟಿಯ ಸ್ಟಿಕ್ಕರ್ ಮೇಲಿದ್ದ 256 ಎಂಬಿ ಅನ್ನೋದನ್ನು ಓದಿ, ಸರಿ ಇದೇ ಅಂತ ದುಡ್ಡು ಕೊಟ್ಟು ಬಂದುಬಿಟ್ಟೆ. ಮನೆಯಲ್ಲಿ ಲ್ಯಾಪ್‌ಟಾಪ್‌ಗೆ ಹಾಕಿದರೆ ಅದು ಈ ಪಟ್ಟಿಯನ್ನು 128 ಅನ್ನುತ್ತಿದೆ. ತೆಗೆದೆ, ಹಾಕಿದೆ, ಇನ್ನೊಂದು ಸ್ಲಾಟ್‌ಗೆ ಬದಲಿಸಿದೆ. ಮತ್ತೆ 128. ಅರ್ಧ ಲೀಟರ್ ಹಾಲಿಗೆ ಒಂದು ಲೀಟರಿನ ದುಡ್ಡು ಕೊಟ್ಟ ಹಾಗಾಯಿತು. ತಪ್ಪು ಹಾಲಿನವನದ್ದಲ್ಲ, ನನ್ನದೇ ಅಂತ ಗೊತ್ತಾಗಲು ಇನ್ನೂ ಒಂದು ವಾರ ಬೇಕಿತ್ತು.

ಲ್ಯಾಪ್‌ಟಾಪ್ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ಐಬಿಎಂ ಥಿಂಕ್‌ಪ್ಯಾಡ್ 600ಎಕ್ಸ್, ನನ್ನ ಚಿಕ್ಕಪ್ಪನದು. 500 ಮೆಗಾಹರ್ಟ್ಸ್‌ನ ಪೆಂಟಿಯಂ 3, 12 ಜಿಬಿ ಹಾರ್ಡ್ ಡಿಸ್ಕ್, 13.3 ಇಂಚಿನ ಪರದೆ. ಟಚ್‌ಪ್ಯಾಡ್ ಇಲ್ಲ, ಕೀಬೋರ್ಡಿನ ನಟ್ಟನಡುವೆ ಕುಂಕುಮದ ಬೊಟ್ಟಿನ ಹಾಗೆ ಒಂದು ಕೆಂಪು ಗುಂಡಿ, ಅದನ್ನು ಬೆರಳಲ್ಲಿ ಒತ್ತಿ ತಳ್ಳಿದರೆ ಪರದೆಯ ಮೇಲಿನ ಬಾಣ ಓಡಾಡುತ್ತದೆ. 1992ರಲ್ಲಿ ಬಂದ ಮೊದಲ ಥಿಂಕ್‌ಪ್ಯಾಡ್‌ಗಳ ರೂಪ ಕೊಟ್ಟವರು ರಿಚರ್ಡ್ ಸ್ಯಾಪರ್ ಅನ್ನುವ ಜರ್ಮನ್ ವಿನ್ಯಾಸಕಾರ. ಜಪಾನಿನವರ ಕಪ್ಪು ಊಟದ ಡಬ್ಬಿ ಅವರ ತಲೆಯಲ್ಲಿತ್ತಂತೆ. ಹೊರಗೆ ಏನೂ ಇಲ್ಲದ ಕಪ್ಪು ಪೆಟ್ಟಿಗೆ, ಮುಚ್ಚಳ ತೆಗೆದರೆ ಒಳಗೆ ಎಲ್ಲಾ ಒಪ್ಪವಾಗಿ ಜೋಡಿಸಿಟ್ಟಿರಬೇಕು. ನಮ್ಮ ಟಿಫನ್ ಕ್ಯಾರಿಯರ್ ನೋಡಿ ಮಾಡಿದ್ದರೆ ದುಂಡಗೆ ಮೂರು ಮಹಡಿಯ ಲ್ಯಾಪ್‌ಟಾಪ್ ಬಂದಿರೋದೇನೋ.

ಚಿಕ್ಕಪ್ಪ 1998ರಲ್ಲಿ ನ್ಯೂಜೆರ್ಸಿಗೆ ಹೋದವರು. ವೈಟುಕೆ ಕಾಲ. ವರ್ಷ ಬರೆಯಲು ಎರಡೇ ಅಂಕಿ ಇಟ್ಟುಕೊಂಡಿದ್ದ ಹಳೇ ಪ್ರೋಗ್ರಾಂಗಳನ್ನೆಲ್ಲ ತಿದ್ದಲು ಅಮೆರಿಕದವರಿಗೆ ಜನ ಬೇಕಿತ್ತು, ನಮ್ಮಲ್ಲಿ ಕೋಬಾಲ್ ಕಲಿತ ಜನ ಇದ್ದರು. 2000 ಬಂತು, ಏನೂ ಆಗಲಿಲ್ಲ, ಆಮೇಲೆ ಅವರು ಒಂದು ಡಾಟ್‌ಕಾಂ ಕಂಪನಿ ಸೇರಿದರು. ಈ ಲ್ಯಾಪ್‌ಟಾಪ್ ಅವರಿಗೆ ಅಲ್ಲಿ ಕೊಟ್ಟಿದ್ದು. ಮುಂದಿನ ವರ್ಷ ಆ ಕಂಪನಿಯೇ ಮುಚ್ಚಿತು. ಕುರ್ಚಿ ಮೇಜು ಕಾಫಿ ಮೆಷೀನ್ ಎಲ್ಲಾ ಮಾರುವಾಗ ಚಿಕ್ಕಪ್ಪ ತಮ್ಮ ಲ್ಯಾಪ್‌ಟಾಪನ್ನು ತಾವೇ ಚಿಲ್ಲರೆ ಕಾಸಿಗೆ ಕೊಂಡುಕೊಂಡು ಊರಿಗೆ ಬಂದರು. ತುಮಕೂರಿನ ಮನೆಯ ಅಟ್ಟದಲ್ಲಿ, ಒಂದು ಹಳೇ ವಿಐಪಿ ಸೂಟ್‌ಕೇಸ್ ಒಳಗೆ, ಬಿಳಿ ಪಂಚೆಯಲ್ಲಿ ಸುತ್ತಿ ಇಟ್ಟಿದ್ದರು. ಪಂಚೆ ಯಾಕೆ ಅಂತ ಕೇಳಿದರೆ "ಇನ್ನೇನಲ್ಲಿ ಸುತ್ತಲಿ" ಅಂದರು.

ಹೋದ ದೀಪಾವಳಿಗೆ ಅದನ್ನು ಇಳಿಸಿದ್ದು ನಾನೇ. ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ಅಡಾಪ್ಟರ್ ಸಿಕ್ಕಿಸಿದೆ. ಹಸಿರು ದೀಪ ಹತ್ತಿತು, ಎರಡು ಸಲ ಬೀಪ್ ಅಂದಿತು, ಪರದೆಯ ಮೇಲೆ 161 ಮತ್ತು 163 ಅನ್ನುವ ಎರಡು ನಂಬರ್ ತೋರಿಸಿತು. ಒಂದು ಒಳಗಿನ ಪುಟ್ಟ ಬ್ಯಾಟರಿ ಮುಗಿದಿದೆ ಅಂತ, ಇನ್ನೊಂದು ಇವತ್ತು ಯಾವ ತಾರೀಖು ಅಂತ ನನಗೆ ಗೊತ್ತಿಲ್ಲ ಅಂತ. ಇಷ್ಟು ವರ್ಷ ಅಟ್ಟದಲ್ಲಿ ಮಲಗಿದವರಿಗೆ ತಾರೀಖು ಗೊತ್ತಿರಬೇಕು ಅನ್ನೋದೂ ತಪ್ಪೇ. ತಾರೀಖು ಹೇಳಿಕೊಟ್ಟೆ. ವಿಂಡೋಸ್ 98 ಬಂತು. ಆ ಶುರುವಿನ ಸಂಗೀತಕ್ಕೆ ಅಡುಗೆ ಮನೆಯಿಂದ ಚಿಕ್ಕಮ್ಮ ಈಚೆ ಬಂದು ನೋಡಿದರು.

ಅದರೊಳಗೆ ಏನಿತ್ತು ಅನ್ನೋದೇ ಮುಖ್ಯ. ಅಲ್ಲಿನ ಕನ್ನಡ ಕೂಟದ ರಾಜ್ಯೋತ್ಸವ ಸಂಚಿಕೆ, ನವೆಂಬರ್ 2000ದ್ದು, 48 ಪುಟ. ಚಿಕ್ಕಪ್ಪನೇ ಟೈಪಿಸ್ಟ್, ಚಿಕ್ಕಪ್ಪನೇ ಪ್ರೂಫ್ ನೋಡುವವರು, ಚಿಕ್ಕಪ್ಪನೇ ಪುಟ ಕಟ್ಟುವವರು. ಕನ್ನಡ ಟೈಪ್ ಮಾಡಿದ್ದು 'ಬರಹ' ಅನ್ನುವ ತಂತ್ರಾಂಶದಲ್ಲಿ. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಪುಕ್ಕಟೆಯಾಗಿ ಹಂಚಿದ ಆ ತಂತ್ರಾಂಶ ಇಲ್ಲದಿದ್ದರೆ, ಅಮೆರಿಕದಲ್ಲಿ ಕೂತಿದ್ದ ಎಷ್ಟೋ ಜನ ಕನ್ನಡದಲ್ಲಿ ಒಂದು ಪತ್ರವನ್ನೂ ಟೈಪ್ ಮಾಡುತ್ತಿರಲಿಲ್ಲ. ಇಂಗ್ಲಿಷ್ ಕೀಲಿಯಲ್ಲೇ ಒತ್ತಬೇಕು, ಸಣ್ಣ ಡಿ ಒತ್ತಿದರೆ ದ, ಕ್ಯಾಪಿಟಲ್ ಡಿ ಒತ್ತಿದರೆ ಡ. ಟೈಪ್ ಮಾಡಿದ್ದನ್ನು ಪೇಜ್‌ಮೇಕರ್‌ಗೆ ತಂದು, ನಡುನಡುವೆ ಸ್ಕ್ಯಾನ್ ಮಾಡಿದ ಫೋಟೋ ಕೂರಿಸಿ, ಪುಟ ಕಟ್ಟಿದ್ದರು. ಎಲ್ಲಾ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಈಗಿನ ಯುನಿಕೋಡ್ ಅಲ್ಲ ಅದು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಚ್ಚಾದ ಪ್ರತಿ ಮನೆಯಲ್ಲಿ ಒಂದೂ ಇಲ್ಲ, ಇದ್ದ ಒಂದನ್ನು ಯಾರೋ ಓದಲು ಒಯ್ದವರು ತಂದುಕೊಟ್ಟಿಲ್ಲ. ಅಂದರೆ ಆ ಸಂಚಿಕೆಯನ್ನು ಇದ್ದ ಹಾಗೇ ನೋಡಬೇಕು ಅಂದರೆ ಇದೇ ಲ್ಯಾಪ್‌ಟಾಪ್‌ನಲ್ಲಿ, ಇದೇ ಪೇಜ್‌ಮೇಕರ್‌ನಲ್ಲಿ ನೋಡಬೇಕು.

ತೆರೆದೆ. ಕರ್ ಕರ್ ಕರ್ ಅಂತ ಶುರುವಾಯಿತು.

ಹಳೇ ಹಾರ್ಡ್ ಡಿಸ್ಕ್‌ನ ಸದ್ದು ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಳಗೆ ಇಲಿ ಕೊಬ್ಬರಿ ಕೆರೆಯುತ್ತಿರುವ ಹಾಗೆ. ಈ ಲ್ಯಾಪ್‌ಟಾಪ್‌ಗೆ ಬೋರ್ಡಿಗೇ ಅಂಟಿಸಿದ 64 ಎಂಬಿ ರ್‍ಯಾಮ್ ಇದೆ, ಅದರ ಮೇಲೆ ಎರಡು ಖಾಲಿ ಸ್ಲಾಟ್. ಚಿಕ್ಕಪ್ಪ ಇಡೀ 48 ಪುಟವನ್ನು ಆ 64ರಲ್ಲೇ ಕಟ್ಟಿದ್ದರು. ಫೋಟೋ ಇರುವ ಪುಟಕ್ಕೆ ಹೋದ ಕೂಡಲೇ ರ್‍ಯಾಮ್ ತುಂಬಿಹೋಗುತ್ತದೆ. ಆಗ ವಿಂಡೋಸ್ ಸದ್ಯಕ್ಕೆ ಬೇಡದ್ದನ್ನು ಎತ್ತಿ ಹಾರ್ಡ್ ಡಿಸ್ಕ್‌ಗೆ ಹಾಕುತ್ತದೆ, ಮತ್ತೆ ಬೇಕಾದಾಗ ಅಲ್ಲಿಂದ ತಂದು ಇಲ್ಲಿದ್ದ ಇನ್ನೊಂದನ್ನು ಅಲ್ಲಿಗೆ ಒಯ್ಯುತ್ತದೆ. ಸಣ್ಣ ಅಡುಗೆ ಮನೆಯಲ್ಲಿ ದೊಡ್ಡ ಅಡುಗೆ ಮಾಡುವವರು ಒಂದು ಪಾತ್ರೆ ಇಳಿಸಿ ಹಜಾರದಲ್ಲಿಟ್ಟು, ಇನ್ನೊಂದನ್ನು ಹಜಾರದಿಂದ ತಂದು ಒಲೆ ಮೇಲಿಟ್ಟ ಹಾಗೆ. ಅಡುಗೆಗಿಂತ ಓಡಾಟ ಜಾಸ್ತಿ. "ನಾಲ್ಕನೇ ಪುಟಕ್ಕೆ ಹೋಗು ಅಂತ ಒತ್ತಿ ನಾನು ಕಾಫಿ ಹಾಕಲು ಹೋಗ್ತಿದ್ದೆ. ಸದ್ದು ಬರ್ತಿದೆ ಅಂದ್ರೆ ಕೆಲಸ ಮಾಡ್ತಿದೆ ಅಂತ. ಸದ್ದು ನಿಂತರೆ ಭಯ" ಅಂದರು ಚಿಕ್ಕಪ್ಪ.

ನನಗೆ ಭಯ ಉಲ್ಟಾ ಇತ್ತು. ಕಾಲು ಶತಮಾನದ ಡಿಸ್ಕ್ ಅದು. ಒಂದೊಂದು ಕರ್ ಕೂಡ ಅದರ ಆಯುಷ್ಯದಿಂದ ಕಿತ್ತುಕೊಂಡ ಹಾಗೆ ಕೇಳುತ್ತಿತ್ತು. ಮೊದಲ ಕೆಲಸ ಅಂತ ಡಿಸ್ಕ್ ಬಿಚ್ಚಿ, ಒಂದು ಐಡಿಇ ಅಡಾಪ್ಟರ್‌ಗೆ ಸಿಕ್ಕಿಸಿ, ಪೂರ್ತಿ 12 ಜಿಬಿಯನ್ನು ನನ್ನ ಕಂಪ್ಯೂಟರಿಗೆ ನಕಲು ಮಾಡಿಕೊಂಡೆ. ಇಂಥ ಹಳೇ ಯಂತ್ರ ಕೈಗೆ ಸಿಕ್ಕವರು ಬೇರೇನು ಮಾಡದಿದ್ದರೂ ಇದನ್ನು ಮೊದಲು ಮಾಡಿ. ಒಂದು ಪೆನ್‌ಡ್ರೈವ್‌ನ ಮೂಲೆಯಲ್ಲಿ ಹಿಡಿಸುತ್ತದೆ.

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಆಫೀಸಿನ ಗೆಳೆಯ ಅದನ್ನೇ ಹೇಳಿದ. ನಕಲು ಇದೆಯಲ್ಲ, ಹೊಸ ಕಂಪ್ಯೂಟರಿನೊಳಗೇ ಒಂದು ವರ್ಚುವಲ್ ಮೆಷೀನ್ ಮಾಡಿ ಅದನ್ನು ಓಡಿಸು, ಬೇಕಾದಷ್ಟು ರ್‍ಯಾಮ್ ಕೊಡು, ಯಾಕೆ ಈ ತಲೆನೋವು ಅಂತ. ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಸಮಜಾಯಿಷಿ ಕೊಡಲು ಹೋಗಿ ನಾನು ಏನೇನೋ ಹೇಳಿದೆ. ನಿಜ ಏನು ಅಂದರೆ, ತಳದ ಸ್ಕ್ರೂ ತಿರುಗಿಸಿ ಆ ಪುಟ್ಟ ಮುಚ್ಚಳ ಎತ್ತಿದಾಗ ಎರಡು ಸ್ಲಾಟ್ ಖಾಲಿ ಕಂಡವು. ಒಂದು ಧೂಳಿನ ಕಣವೂ ಇಲ್ಲ. ಎಲೆ ಹಾಕಿ ನೀರು ಚಿಮುಕಿಸಿಟ್ಟು ಯಾರೂ ಬಡಿಸದೇ ಹೋದ ಹಾಗೆ. ಅದನ್ನು ನೋಡಿದ ಮೇಲೆ ಮುಚ್ಚಳ ಹಾಕಿ ಸುಮ್ನೆ ಇರೋದು ನನ್ನ ಕೈಲಿ ಆಗಲಿಲ್ಲ. ಈ ಯಂತ್ರಕ್ಕೆ ಹಿಡಿಸುವುದು ಒಟ್ಟು 576 ಎಂಬಿ. ಬೋರ್ಡಿನದು 64, ಒಂದೊಂದು ಸ್ಲಾಟ್‌ಗೆ 256. ಆ 576 ಮಾಡಿಯೇ ತೀರಬೇಕು ಅಂತ ಹೊಕ್ಕಿತು.

(ಮೆಮೊರಿ ಅಂದರೆ ನೆನಪು, ಚಿಕ್ಕಪ್ಪನ ಯಂತ್ರಕ್ಕೆ ನೆನಪು ತುಂಬಿದೆ, ಇತ್ಯಾದಿ ಶ್ಲೇಷೆ ಈ ಬರಹದಲ್ಲಿ ಬರೋದಿಲ್ಲ. ಬೇಕಾದವರು ತಾವೇ ಮಾಡಿಕೊಳ್ಳಿ.)

ಚಿಕ್ಕಪ್ಪನಿಗೂ ಆಗ ಈ ಆಸೆ ಇತ್ತಂತೆ. 1999ರ ಸೆಪ್ಟೆಂಬರ್ 21ಕ್ಕೆ ತೈವಾನ್‌ನಲ್ಲಿ ದೊಡ್ಡ ಭೂಕಂಪ ಆಯಿತು. ಸಿಂಚು ಊರಿನ ಚಿಪ್ ಕಾರ್ಖಾನೆಗಳಿಗೆ ಕರೆಂಟ್ ಹೋಯಿತು, ಜಗತ್ತಿನಲ್ಲೆಲ್ಲಾ ರ್‍ಯಾಮ್ ಬೆಲೆ ಗಗನಕ್ಕೆ ಹಾರಿತು. ಆ ಬಿಸಿ ಆರಿದ ಮೇಲೂ, ಆಫೀಸಿನ ಲ್ಯಾಪ್‌ಟಾಪ್‌ಗೆ ಸ್ವಂತ ದುಡ್ಡಲ್ಲಿ ರ್‍ಯಾಮ್ ಹಾಕಿಸುವುದು ಅಂದರೆ ಬಾಡಿಗೆ ಮನೆಗೆ ಗ್ರಾನೈಟ್ ಹಾಕಿಸಿದಂತೆ, ಅಲ್ವಾ. ಸುಮ್ಮನಾದರು. 2001ರಲ್ಲಿ ಲ್ಯಾಪ್‌ಟಾಪ್ ಸ್ವಂತದ್ದಾಯಿತು, ರ್‍ಯಾಮ್ ಬೆಲೆಯೂ ಪಾತಾಳಕ್ಕೆ ಇಳಿಯಿತು, ಆದರೆ ಅಷ್ಟು ಹೊತ್ತಿಗೆ ಕೆಲಸವೇ ಇರಲಿಲ್ಲ. ಇದನ್ನು ಬರೆಯುವಾಗ ಮತ್ತೆ ರ್‍ಯಾಮ್ ಬೆಲೆ ಏರಿ ಕೂತಿದೆ, ಈ ಸಲ ಭೂಕಂಪ ಅಲ್ಲ, ಎಐ ಡೇಟಾ ಸೆಂಟರ್‌ಗಳ ಹಸಿವು. ನನ್ನ ಪುಣ್ಯ, ಈ ಯಂತ್ರಕ್ಕೆ ಬೇಕಾದ ಹಳೇ ಕಾಲದ 144 ಪಿನ್ನಿನ ಎಸ್‌ಡಿ ರ್‍ಯಾಮ್ ಯಾವ ಡೇಟಾ ಸೆಂಟರಿಗೂ ಬೇಕಿಲ್ಲ.

ಚಿಕ್ಕಪೇಟೆ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ಎಸ್‌ಪಿ ರೋಡ್‌ಗೆ ನಡೆದೆ. ಸಾದರ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು ಹೇಳಿದರೆ ಆಟೋದವರೂ ಒಂದು ಕ್ಷಣ ಯೋಚನೆ ಮಾಡುತ್ತಾರೆ. ಮೊದಲ ಅಂಗಡಿಯ ಹುಡುಗ "ಡಿಡಿಆರ್ ಫೋರಾ ಫೈವಾ ಸರ್" ಅಂದ. ಎಸ್‌ಡಿ ರ್‍ಯಾಮ್ ಅಂದೆ. "ಎಸ್‌ಡಿ ಕಾರ್ಡಾ?" ಅಂದ. ಅವನ ತಪ್ಪಲ್ಲ, ಅವನು ಹುಟ್ಟುವ ಮೊದಲೇ ಹೋದ ಸಾಮಾನು ಅದು. ಲ್ಯಾಪ್‌ಟಾಪ್ ರ್‍ಯಾಮ್ ಎಲ್ಲಾ ದೂರದಿಂದ ಒಂದೇ ಥರ ಕಾಣುತ್ತದೆ, ಬೆರಳುದ್ದದ ಹಸಿರು ಪಟ್ಟಿ. ಆದರೆ ಹಳೇ ಎಸ್‌ಡಿ ರ್‍ಯಾಮ್‌ಗೆ 144 ಪಿನ್, 3.3 ವೋಲ್ಟ್. ಆಮೇಲೆ ಬಂದ ಡಿಡಿಆರ್‌ಗೆ 200 ಪಿನ್, ಡಿಡಿಆರ್ 3ಕ್ಕೆ 204, ಡಿಡಿಆರ್ 4ಕ್ಕೆ 260. ಮನಸ್ಸಿಗೆ ಬಂದ ಹಾಗೆ ತುರುಕಬಾರದು ಅಂತ ಕೆಳಗೆ ಒಂದು ಕಚ್ಚು ಬೇರೆ ಕೊಟ್ಟಿರುತ್ತಾರೆ. ಏಳೆಂಟು ಅಂಗಡಿ ಸುತ್ತಿದ ಮೇಲೆ ಒಂದು ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ, ಸ್ಕ್ರೂ ಮತ್ತು ಸತ್ತ ಅಡಾಪ್ಟರ್‌ಗಳ ಡಬ್ಬದ ತಳದಿಂದ ಒಂದು ಸಿಕ್ಕಿತು. 256 ಎಂಬಿ, ಪಿಸಿ 133 ಅನ್ನುವ ವೇಗದ್ದು. ನಮ್ಮ ಯಂತ್ರಕ್ಕೆ ಬೇಕಾದದ್ದು ಪಿಸಿ 100, ಆದರೆ ಜೋರಾಗಿ ಓಡುವ ಎತ್ತು ನಿಧಾನಕ್ಕೂ ನಡೆಯುತ್ತದೆ, ತೊಂದರೆ ಇಲ್ಲ. ಮುನ್ನೂರು ರೂಪಾಯಿ. ಚೌಕಾಸಿಯನ್ನೂ ಮಾಡಲಿಲ್ಲ, ಅಷ್ಟು ಖುಷಿ.

ಮನೆಗೆ ಬಂದು ಮೊಸಾಯಿಕ್ ನೆಲದ ಮೇಲೆ ಬರಿಗಾಲಲ್ಲಿ ಕೂತು, ಮೈಯಲ್ಲಿನ ಸ್ಟ್ಯಾಟಿಕ್ ಹೋಗಲಿ ಅಂತ ಕಿಟಕಿ ಕಂಬಿ ಮುಟ್ಟಿ, ಪಟ್ಟಿಯನ್ನು ಓರೆಯಾಗಿ ಸ್ಲಾಟ್‌ಗೆ ತೂರಿಸಿ ಕೆಳಕ್ಕೆ ಒತ್ತಿದೆ. ಟಕ್ ಅಂತ ಎರಡೂ ಕಡೆಯ ಕ್ಲಿಪ್ ಹಿಡಿದುಕೊಂಡವು. ಲೆಕ್ಕದ ಪ್ರಕಾರ 320 ಬರಬೇಕು. ಬಂದದ್ದು 192.

ಪಟ್ಟಿ ಅರ್ಧ ಸತ್ತಿದೆ ಅಂತಲೇ ನಾನು ಅಂದುಕೊಂಡೆ. ಮುಂದಿನ ಶನಿವಾರ ಜಗಳಕ್ಕೆ ತಯಾರಾಗಿ, ಲ್ಯಾಪ್‌ಟಾಪನ್ನೂ ಹೆಗಲಿಗೆ ಹಾಕಿಕೊಂಡು ಹೋದೆ. ಎರಡೂಕಾಲು ಕೆಜಿ ಇದೆ ಅದು. ಅಂಗಡಿಯವರು ಮಾತೇ ಆಡದೆ ಪಟ್ಟಿಯನ್ನು ತೆಗೆದು ತಮ್ಮ ಹತ್ತಿರ ಇದ್ದ ಇನ್ನೊಂದು, ಸ್ವಲ್ಪ ಹೊಸ ಕಾಲದ ಹಳೇ ಲ್ಯಾಪ್‌ಟಾಪ್‌ಗೆ ಹಾಕಿ ತೋರಿಸಿದರು. ಪೂರ್ತಿ 256. ನನ್ನ ಮುಖ ನೋಡಬೇಕಿತ್ತು. ಆಗ ಹಿಂದೆ ಬೆಸುಗೆ ಹಾಕುತ್ತ ಕೂತಿದ್ದ ವಯಸ್ಸಾದವರೊಬ್ಬರು, ತಲೆ ಎತ್ತದೆಯೇ ಕೇಳಿದರು. "ಚಿಪ್ ಎಷ್ಟಿದೆ ಎಣಿಸಿ."

ಎಣಿಸಿದೆ. ಮುಂದೆ ನಾಲ್ಕು, ಹಿಂದೆ ನಾಲ್ಕು. "ಬಿಎಕ್ಸ್ ಬೋರ್ಡಿಗೆ ಎಂಟರದ್ದು ಆಗಲ್ಲ ಸರ್, ಹದಿನಾರರದ್ದು ಬೇಕು."

ಎಷ್ಟು ಸರಳ ನೋಡಿ. 256 ಮೆಗಾಬೈಟನ್ನು ಎರಡು ಥರ ಮಾಡಬಹುದು. 128 ಮೆಗಾಬಿಟ್‌ನ ಹದಿನಾರು ಚಿಪ್ ಜೋಡಿಸಿ, ಇಲ್ಲಾ 256 ಮೆಗಾಬಿಟ್‌ನ ಎಂಟು ಚಿಪ್ ಜೋಡಿಸಿ. ಮೊತ್ತ ಒಂದೇ. ಆದರೆ ಚಿಪ್‌ನ ಒಳಗೆ ಸಾಲು ಮತ್ತು ಕಂಬಸಾಲು ಅಂತ ಮನೆಗಳಿರುತ್ತವೆ, ಪಗಡೆ ಹಾಸಿನ ಹಾಗೆ. ಈ ಬಗೆಯ 128ರ ಚಿಪ್‌ನಲ್ಲಿ 4096 ಸಾಲು, 256ರ ಚಿಪ್‌ನಲ್ಲಿ 8192. ಅಷ್ಟೂ ಸಾಲನ್ನು ಹೆಸರಿಟ್ಟು ಕರೆಯಲು ರ್‍ಯಾಮ್ ನೋಡಿಕೊಳ್ಳುವ ಚಿಪ್‌ಸೆಟ್‌ಗೆ ಬರಬೇಕು. ಥಿಂಕ್‌ಪ್ಯಾಡ್ 600ಎಕ್ಸ್‌ನಲ್ಲಿ ಇರೋದು ಇಂಟೆಲ್ 440ಬಿಎಕ್ಸ್, 1998ರದ್ದು. ಅದು ಬಂದಾಗ 64 ಮೆಗಾಬಿಟ್ ಚಿಪ್‌ಗಳ ಕಾಲ, 128ರವರೆಗೂ ನಿಭಾಯಿಸುತ್ತದೆ, 256ರ ಚಿಪ್ ಸಿಕ್ಕರೆ ಅರ್ಧ ಮಾತ್ರ ನೋಡಿ ಮುಂದಕ್ಕೆ ಹೋಗುತ್ತದೆ. ಉಳಿದರ್ಧ ಅಲ್ಲೇ ಇದೆ, ಕೆಟ್ಟಿಲ್ಲ, ಕರೆಂಟೂ ತಿನ್ನುತ್ತದೆ. ಕರೆಯುವವರಿಲ್ಲ ಅಷ್ಟೇ.

ಇದು ನನಗೆ ಬಹಳ ಹಿಡಿಸಿತು, ಯಾಕೆ ಅಂತ ಹೇಳುವುದು ಕಷ್ಟ. ಸ್ಟಿಕ್ಕರ್ ಸುಳ್ಳು ಹೇಳಿರಲಿಲ್ಲ, ಅಂಗಡಿಯವರು ಮೋಸ ಮಾಡಿರಲಿಲ್ಲ, ಯಂತ್ರವೂ ಸರಿ ಇತ್ತು. ಎಷ್ಟು ಅನ್ನೋದನ್ನು ಕೇಳಿದ್ದೆ, ಹೇಗೆ ಮಾಡಿದ್ದು ಅನ್ನೋದನ್ನು ಕೇಳಿರಲಿಲ್ಲ. ಆಫೀಸಿನಲ್ಲಿ ದಿನಾ ಕ್ಲೌಡ್‌ನಲ್ಲಿ ಒಂದು ಪಟ್ಟಿಯಿಂದ 16, 32, 64 ಅಂತ ಆರಿಸಿ ಕ್ಲಿಕ್ ಮಾಡುವ ಕೆಲಸ ನನ್ನದು. ಹದಿನೈದು ವರ್ಷದಲ್ಲಿ ಒಂದು ಸಲವೂ ಅದರಲ್ಲಿ ಎಷ್ಟು ಚಿಪ್ ಇದೆ ಅಂತ ಕೇಳಬೇಕಾಗಿ ಬಂದಿರಲಿಲ್ಲ.

ಹದಿನಾರು ಚಿಪ್ಪಿನದು ಸಿಗಲು ಎರಡು ತಿಂಗಳು ಹಿಡಿಯಿತು. ಆ ಬೆಸುಗೆಯವರ ಫೋನ್ ನಂಬರ್ ತಗೊಂಡು ಬಂದಿದ್ದೆ, ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಮದುವೆಗೆ ಹುಡುಗಿ ಹುಡುಕುವ ದಲ್ಲಾಳಿಗೂ ನಾನು ಇಷ್ಟು ಫೋನ್ ಮಾಡಿರಲಿಲ್ಲ. ಕೊನೆಗೆ ಒಂದು ದಿನ, ಗುಜರಿಗೆ ಬಂದ ಯಾವುದೋ ಲಾಟಿನಲ್ಲಿ ಎರಡು ಸಿಕ್ಕಿವೆ ಬನ್ನಿ ಅಂದರು. ಎರಡೂ ಕಡೆ ಎಂಟೆಂಟು ಚಿಪ್, ಒತ್ತೊತ್ತಾಗಿ ಕೂತಿದ್ದವು. ಈ ಸಲ ಅಲ್ಲೇ ನಿಂತು ಎಣಿಸಿದೆ, ಎರಡೆರಡು ಸಲ. ಅವರು ನಕ್ಕರು.

ಹಾಕಿದೆ. 201 ಅಂತ ಬಂತು. ಮೆಮೊರಿಯಲ್ಲಿ ತಪ್ಪಿದೆ ಅಂತ ಅದರ ಅರ್ಥ. ಎದೆ ಧಸಕ್ ಅಂದಿತು. ಆದರೆ ಈ ರೋಗಕ್ಕೆ ನಮ್ಮ ದೇಶದಲ್ಲಿ ಎಲ್ಲಾ ಕಂಪ್ಯೂಟರ್ ರಿಪೇರಿಯವರಿಗೂ ಗೊತ್ತಿರುವ ಒಂದು ಮದ್ದಿದೆ. ರಬ್ಬರ್. ಪೆನ್ಸಿಲ್ ಅಳಿಸುವ ರಬ್ಬರ್. ಮಗಳ ಜಾಮಿಟ್ರಿ ಬಾಕ್ಸ್‌ನಿಂದ ಬಿಳಿ ರಬ್ಬರ್ ಕದ್ದು, ಪಟ್ಟಿಯ ಚಿನ್ನದ ಬಣ್ಣದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿದೆ. ಆ ಲೇಪ ತೀರಾ ತೆಳು, ಪಾತ್ರೆ ತಿಕ್ಕಿದ ಹಾಗೆ ತಿಕ್ಕಬಾರದು. ರಬ್ಬರಿನ ಪುಡಿ ಸ್ಲಾಟ್ ಒಳಗೆ ಬೀಳದ ಹಾಗೆ ದೂರ ಹಿಡಿದು ಊದಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಒಣಗಿಸಿ, ಮತ್ತೆ ಹಾಕಿದೆ. ಗುಂಡಿ ಒತ್ತಿದೆ. ಪರದೆಯ ಮೂಲೆಯಲ್ಲಿ ಅಂಕಿ ಓಡತೊಡಗಿತು. 64 ಸಾವಿರ ದಾಟಿತು, ಎರಡು ಲಕ್ಷ ದಾಟಿತು, ಮೂರು, ನಾಲ್ಕು, ಪೆಟ್ರೋಲ್ ಬಂಕ್‌ನ ಮೀಟರ್ ಹಾಗೆ, ಐದು ಲಕ್ಷ ಎಂಬತ್ತೊಂಬತ್ತು ಸಾವಿರದಲ್ಲಿ ನಿಂತಿತು. ಕಿಲೋಬೈಟ್ ಲೆಕ್ಕ ಅದು. ಅಂದರೆ 576. ರಾತ್ರಿ ಹನ್ನೊಂದೂವರೆ, ಮನೆಯಲ್ಲಿ ಎಲ್ಲರೂ ಮಲಗಿದ್ದರು, ಹೇಳಲು ಯಾರೂ ಇಲ್ಲ.

ಮುಂದಿನ ನಿಮಿಷ ವಿಂಡೋಸ್ 98 ಶುರುವಾಗಲು ಹೋಗಿ, ನನಗೆ ಸಾಕಷ್ಟು ಮೆಮೊರಿ ಇಲ್ಲ ಅಂತ ಹೇಳಿ ನಿಂತಿತು.

ತಮಾಷೆ ಅಲ್ಲ. ಒಂಬತ್ತು ಪಟ್ಟು ಮೆಮೊರಿ ಹಾಕಿದ ಮೇಲೆ ಮೆಮೊರಿ ಸಾಲದು ಅನ್ನುತ್ತಿದೆ. ಇದು 512 ದಾಟಿದವರಿಗೆ ಕಾದಿರುವ ಹಳೇ, ಎಲ್ಲರಿಗೂ ಗೊತ್ತಿರುವ ಗುಂಡಿ. ಓದಿಕೊಳ್ಳದೆ ಹೋಗಿ ಬಿದ್ದವನು ನಾನು. ಡಿಸ್ಕ್‌ನಿಂದ ಓದಿದ್ದನ್ನು ಮತ್ತೆ ಬೇಕಾದೀತು ಅಂತ ರ್‍ಯಾಮ್‌ನಲ್ಲೇ ಇಟ್ಟುಕೊಳ್ಳುವ ವಿಕ್ಯಾಶ್ ಅನ್ನುವ ಉಗ್ರಾಣ ವಿಂಡೋಸ್ 98ರಲ್ಲಿದೆ. ರ್‍ಯಾಮ್ ಜಾಸ್ತಿ ಕಂಡಷ್ಟೂ ಅದು ತನ್ನ ಉಗ್ರಾಣವನ್ನು ದೊಡ್ಡದು ಮಾಡಿಕೊಳ್ಳುತ್ತದೆ. ಆದರೆ ಅದು ವಿಳಾಸ ಹಂಚಿಕೊಳ್ಳುವ ಜಾಗಕ್ಕೆ ಮಿತಿ ಇದೆ, ಆ ಜಾಗ ಬೇರೆಯವರಿಗೂ ಬೇಕು. ಮದುವೆ ಮನೆಯಲ್ಲಿ ಉಗ್ರಾಣದವನೇ ಅಕ್ಕಿ ಮೂಟೆ ಪೇರಿಸಿ ಪೇರಿಸಿ ಛತ್ರ ತುಂಬಿಸಿದರೆ ಬೀಗರು ಎಲ್ಲಿ ಕೂರಬೇಕು. 1998ರಲ್ಲಿ ಒಂದು ಲ್ಯಾಪ್‌ಟಾಪ್‌ನಲ್ಲಿ ಇಷ್ಟು ರ್‍ಯಾಮ್ ಇದ್ದೀತು ಅಂತ ಯೋಚನೆ ಮಾಡದವರನ್ನು ಬೈಯಲೂ ಆಗೋದಿಲ್ಲ.

ಮದ್ದು ಒಂದು ಸಾಲಿನದು. ಎಫ್ 8 ಒತ್ತಿ ಕಮಾಂಡ್ ಪ್ರಾಂಪ್ಟ್‌ಗೆ ಹೋಗಿ, ಸಿಸ್ಟಮ್ ಡಾಟ್ ಐಎನ್‌ಐ ಫೈಲ್ ತೆರೆದು, ವಿಕ್ಯಾಶ್ ಭಾಗದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್ ಇಷ್ಟೇ ಅಂತ ಕಟ್ಟುಹಾಕಬೇಕು. ನಾನು 262144 ಅಂತ ಬರೆದೆ, ಅಂದರೆ 256 ಎಂಬಿ. ಕೈ ಹಾಕಿದ್ದೇ ಹಾಕಿದ್ದು ಅಂತ, 386 ಎನ್‌ಹಾನ್ಸ್ಡ್ ಭಾಗದಲ್ಲಿ ಕನ್ಸರ್ವೇಟಿವ್‌ಸ್ವಾಪ್‌ಫೈಲ್‌ಯೂಸೇಜ್ ಅನ್ನುವ ರೈಲಿನುದ್ದದ ಹೆಸರಿನ ಮುಂದೆ 1 ಅಂತಲೂ ಹಾಕಿದೆ. ರ್‍ಯಾಮ್ ನಿಜವಾಗಿ ತುಂಬುವವರೆಗೂ ಡಿಸ್ಕ್ ಕಡೆ ಹೋಗಬೇಡ ಅಂತ ಅದಕ್ಕೆ ಹೇಳಿದ ಹಾಗೆ. ವಿಂಡೋಸ್ ಬಂತು. ಸಂಗೀತ ಕೇಳಿ ಹೆಂಡತಿ ಎದ್ದು ಬಂದು ಗಡಿಯಾರ ತೋರಿಸಿ ಹೋದಳು. ಮಲಗುವ ಮುಂಚೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್‌ನ ಫ್ಲಾಪಿ ಹಾಕಿ ಓಡಲು ಬಿಟ್ಟೆ. ಬೆಳಗ್ಗೆ ಎದ್ದಾಗ ತಪ್ಪು ಸೊನ್ನೆ.

ಈಗ ಪ್ರಾಮಾಣಿಕವಾಗಿ ಹೇಳಬೇಕು ಅಂದರೆ, 576 ಏನೂ ಬೇಕಿರಲಿಲ್ಲ. ಬರಹ 64ರಲ್ಲೇ ಸಲೀಸಾಗಿ ಓಡುತ್ತಿತ್ತು. ಪೇಜ್‌ಮೇಕರ್‌ಗೆ ಮೊದಲು ತಂದ ಆ ಅರೆಗುರುಡು ಪಟ್ಟಿಯೇ, ಒಟ್ಟು 192ರಲ್ಲಿ, ಸಾಕಾಗುತ್ತಿತ್ತು. ಎರಡು ತಿಂಗಳ ಫೋನು, ಮೂರು ಸಲದ ಮೆಟ್ರೋ, ಕದ್ದ ರಬ್ಬರು ಎಲ್ಲಾ ಸೇರಿ ನನಗೆ ಸಿಕ್ಕಿದ್ದು, ಸೆಟಪ್ ಪರದೆಯಲ್ಲಿ ಒಂದು ಅಂಕಿ. ಅದನ್ನು ನೋಡಲು ಅಂತಲೇ ಒಂದೆರಡು ಸಲ ಎಫ್ 1 ಹಿಡಿದು ಆನ್ ಮಾಡಿದ್ದೂ ಇದೆ. ಆದರೆ ಅದೊಂದು ಬೇರೆ ಥರದ ಸುಖ. ಈ ಯಂತ್ರಕ್ಕೆ ಇನ್ನು ಒಂದು ಎಂಬಿಯೂ ಹಿಡಿಸುವುದಿಲ್ಲ. ಊಟ ಮಾಡಿದವರು ಎಲೆ ಮಡಚಿದ ಹಾಗೆ. ಆಫೀಸ್ ಕೊಟ್ಟ ನನ್ನ ಲ್ಯಾಪ್‌ಟಾಪ್‌ನಲ್ಲಿ 16 ಜಿಬಿ ಇದೆ, ಇದರ ಇಪ್ಪತ್ತೆಂಟು ಪಟ್ಟು. ಎಲ್ಲಾ ಬೋರ್ಡಿಗೆ ಬೆಸೆದದ್ದು, ತಳ ಬಿಚ್ಚಿದರೂ ಸ್ಲಾಟ್ ಇಲ್ಲ, ಹಾಕಬೇಕೋ ಬೇಡವೋ ಅನ್ನುವ ಪ್ರಶ್ನೆಯೇ ಇಲ್ಲ. ತೆಳ್ಳಗಿದೆ, ಬ್ಯಾಟರಿ ಚೆನ್ನಾಗಿ ಬರುತ್ತದೆ, ಬೆಸೆದ ರ್‍ಯಾಮ್ ವೇಗವೂ ಹೌದು, ನಾನೇನು ಅದನ್ನು ಬಿಟ್ಟು ಇದನ್ನು ಹೊತ್ತುಕೊಂಡು ಆಫೀಸಿಗೆ ಹೋಗುವುದಿಲ್ಲ. ಆದರೂ ಬ್ರೌಸರ್‌ನಲ್ಲಿ ನಲವತ್ತು ಟ್ಯಾಬ್ ತೆರೆದು ಅದು ಏದುಸಿರು ಬಿಡುವಾಗ ಅದಕ್ಕೆ ನಾನು ಮಾಡಬಹುದಾದದ್ದು ಏನೂ ಇಲ್ಲ ಅನ್ನೋದು ಸ್ವಲ್ಪ ಚುಚ್ಚುತ್ತದೆ.

ಸಂಚಿಕೆಯನ್ನು ಪೇಜ್‌ಮೇಕರ್‌ನಿಂದ ಪೋಸ್ಟ್‌ಸ್ಕ್ರಿಪ್ಟ್ ಫೈಲಾಗಿ ಪ್ರಿಂಟ್ ಮಾಡಿ, ಪಕ್ಕದ ಕಾರ್ಡ್ ಸ್ಲಾಟ್‌ಗೆ ಒಂದು ಹಳೇ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್ ಸಿಕ್ಕಿಸಿ ಹೊರಗೆ ತಂದು, ಇಲ್ಲಿ ಪಿಡಿಎಫ್ ಮಾಡಿದೆ. ಅದರೊಳಗಿನ ಅಕ್ಷರ ಇನ್ನೂ ಹಳೇ ಫಾಂಟಿನದೇ, ಕಾಪಿ ಮಾಡಿದರೆ ಕಲಸುಮೇಲೋಗರವೇ ಬರುತ್ತದೆ. ಯುನಿಕೋಡ್‌ಗೆ ತಿರುಗಿಸುವ ಕೆಲಸ ಬಾಕಿ ಇದೆ. ಅದಿರಲಿ, ಕಣ್ಣಿಗೆ 48 ಪುಟವೂ ಇದ್ದ ಹಾಗೇ ಬಂತು.

ಸಂಕ್ರಾಂತಿಗೆ ತುಮಕೂರಿಗೆ ಲ್ಯಾಪ್‌ಟಾಪನ್ನೂ ತಗೊಂಡು ಹೋಗಿದ್ದೆ. ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ಚಿಕ್ಕಪ್ಪ ಕನ್ನಡಕ ಹುಡುಕಿ ತಂದು ಕೂತರು. 440ಬಿಎಕ್ಸ್, ಹದಿನಾರು ಚಿಪ್, ಎಲ್ಲಾ ಹೇಳಿದೆ. ಹೂಂ ಹೂಂ ಅಂದರು, ಕೇಳಿಸಿಕೊಳ್ಳಲಿಲ್ಲ. ಅವರ ಕಣ್ಣು ಮೂರನೇ ಪುಟದ ಮೇಲಿತ್ತು. ಅಧ್ಯಕ್ಷರ ಮಾತು ಅನ್ನುವ ಕಡೆ ಒತ್ತು ಬಿಟ್ಟು 'ಅಧ್ಯಕರ ಮಾತು' ಅಂತ ಅಚ್ಚಾಗಿತ್ತಂತೆ, ಆ ಅಧ್ಯಕ್ಷರು ಆಮೇಲೆ ವರ್ಷವಿಡೀ ಸರಿಯಾಗಿ ಮಾತಾಡಿಸಲಿಲ್ಲವಂತೆ. ಕೆಂಪು ಗುಂಡಿಯ ಮೇಲೆ ಬೆರಳಿಟ್ಟು, ಒಂದು ಚೂರೂ ತಡವರಿಸದೆ ಬಾಣವನ್ನು ಅಲ್ಲಿಗೆ ಒಯ್ದರು. ಬರಹ ತೆರೆದು ಸರಿಯಾಗಿ ಟೈಪ್ ಮಾಡಿ ತಂದು ಅಂಟಿಸಿದರು. ಆಮೇಲೆ ಫೋಟೋ ಇರುವ ನಾಲ್ಕನೇ ಪುಟಕ್ಕೆ ಹೋಗು ಅಂತ ಒತ್ತಿ, ಅಭ್ಯಾಸ ಬಲ, ಕಾಫಿ ಲೋಟ ತಗೊಳ್ಳಲು ಏಳಹೊರಟವರು ಅರ್ಧಕ್ಕೇ ನಿಂತರು. ಬಗ್ಗಿ ಲ್ಯಾಪ್‌ಟಾಪ್‌ಗೆ ಕಿವಿ ಕೊಟ್ಟರು.

"ಏನೋ ಇದು, ಸದ್ದೇ ಇಲ್ಲ. ಹ್ಯಾಂಗ್ ಆಯ್ತೇನೋ?"